ಬಿಡುವಿನ ವೇಳೆ: ಗಾಜಿನ ತೊಟ್ಟಿಯಲ್ಲೊಂದು ಬಾಣಂತನ

ಕಳೆದ ಸಂಚಿಕೆಯಲ್ಲಿ ಬಾಲ್ಕನಿಯ ಕುಂಡದಲ್ಲಿ ಕರಿಬೇವು ಬೆಳೆಸುವ ವಿಚಾರ ಬರೆದಿದ್ದೆವು. ಅದನ್ನೋದಿ ಬಂದ ಪತ್ರಗಳಲ್ಲಿ ಒಂದು ನಮ್ಮನ್ನು ಮಣ್ಣಿನಿಂದ ನೀರಿಗೆ ಎಳೆದಿದೆ. ದ್ವಾರಕೆಯ ಓದುಗರೊಬ್ಬರ ಮನೆಯಲ್ಲಿ ಎರಡು ವರ್ಷಗಳಿಂದ ಡಿಸ್ಕಸ್ ಮೀನುಗಳಿವೆಯಂತೆ. ಅವುಗಳಲ್ಲಿ ಒಂದು ಜೋಡಿ ಮೂರು ಸಲ ಮೊಟ್ಟೆಯಿಟ್ಟಿತಂತೆ. ಮೂರು ಸಲವೂ ಮೊಟ್ಟೆಗಳು ಎರಡನೆಯ ದಿನಕ್ಕೆ ಬೆಳ್ಳಗಾಗಿ ಕೆಟ್ಟುಹೋದುವಂತೆ. ಇದು ತಮ್ಮ ಕೈಗುಣವೋ, ದೆಹಲಿಯ ನೀರಿನ ಗುಣವೋ ತಿಳಿಸಬೇಕೆಂದು ಕೇಳಿದ್ದಾರೆ. ಏಳನೆಯ ತರಗತಿಯಲ್ಲಿ ಓದುವ ಮಗಳು ಪ್ರತಿಸಲವೂ ಮೊಟ್ಟೆಗಳನ್ನು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಪ್ರತಿಸಲವೂ ಅತ್ತಳೆಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದಾರೆ. ಆ ಒಂದು ಸಾಲಿಗಾಗಿಯೇ ಈ ಸಲದ ಅಂಕಣವನ್ನು ಪೂರ್ತಿಯಾಗಿ ಈ ಮೀನಿಗೆ ಮೀಸಲಿಟ್ಟಿದ್ದೇವೆ. ಮೀನು ಸಾಕದವರೂ ದಯವಿಟ್ಟು ಪುಟ ಮಗುಚಬಾರದು. ಬಾಣಂತನ ಮಾಡಿದವರಿಗೂ ಮಾಡಿಸಿಕೊಂಡವರಿಗೂ ಇದರಲ್ಲಿ ಒಂದಿಷ್ಟು ವಿಷಯವಿದೆ.

ಹೆಸರಿಗೆ ತಕ್ಕಂತೆ ಡಿಸ್ಕಸ್ ಮೀನು ತಟ್ಟೆಯ ಹಾಗೆ ದುಂಡಗೆ, ಚಪ್ಪಟೆಯಾಗಿ, ಅಂಗೈಯಗಲಕ್ಕೆ ಬೆಳೆಯುತ್ತದೆ. ಅಮೆಜಾನ್ ನದಿಯ ಸೀಮೆ ಇದರ ತವರು. ಆಸ್ಟ್ರಿಯ ದೇಶದ ಯೋಹಾನ್ ನಾಟರರ್ ೧೮೧೭ರಿಂದ ೧೮೩೫ರ ವರೆಗೆ ಬ್ರೆಜಿಲಿನ ಕಾಡುಗಳಲ್ಲಿ ಅಲೆದು ಕೂಡಿಸಿದ ಪ್ರಾಣಿಗಳ ರಾಶಿಯಲ್ಲಿ ಈ ಮೀನೂ ಇತ್ತು. ವಿಯೆನ್ನಾದ ಹೆಕೆಲ್ ಎಂಬ ಪ್ರಾಣಿಶಾಸ್ತ್ರಜ್ಞರು ೧೮೪೦ರಲ್ಲಿ ಇದಕ್ಕೆ ಶಾಸ್ತ್ರೀಯವಾಗಿ ನಾಮಕರಣ ಮಾಡಿದರು. ಇಂದು ನಮ್ಮ ಪೇಟೆಯ ಅಂಗಡಿಗಳಲ್ಲಿ ಕಾಣುವ ಅಚ್ಚಗೆಂಪು, ನೀಲಿ, ಹಳದಿ ಬಗೆಗಳು ಕಾಡಿನಿಂದ ಹಿಡಿದು ತಂದವಲ್ಲ. ಜರ್ಮನಿ, ಅಮೆರಿಕ, ಥಾಯ್ಲೆಂಡ್, ಮಲೇಷಿಯಗಳ ಸಾಕಣೆಗಾರರು ತಲೆತಲಾಂತರವಾಗಿ ಆರಿಸಿ ಆರಿಸಿ ಬೆಳೆಸಿದ ಬಣ್ಣಗಳು ಅವು.

ಬಣ್ಣಕ್ಕಿಂತ ಹೆಚ್ಚಿನ ಬೆರಗು ಇದರ ಸಂಸಾರದಲ್ಲಿದೆ. ಮೀನುಗಳಲ್ಲಿ ಬಹುಪಾಲು ಮೊಟ್ಟೆಯಿಟ್ಟು ತಮ್ಮ ದಾರಿ ಹಿಡಿಯುವಂಥವು. ಡಿಸ್ಕಸ್ ಹಾಗಲ್ಲ. ಮರಿಗಳು ಈಜಲು ಕಲಿತ ದಿನದಿಂದ ತಾಯಿಯ ಮೈಗೆ ಮುತ್ತಿಕೊಂಡು, ಆ ಮೈಯಿಂದ ಒಸರುವ ಲೋಳೆಯನ್ನೇ ಮೇಯುತ್ತವೆ. ತಾಯಿಯ ಮೈಯಷ್ಟೇ ಅಲ್ಲ, ತಂದೆಯ ಮೈಯೂ ಹಾಗೆಯೇ ಒಸರುತ್ತದೆ! ಒಬ್ಬರು ದಣಿದಾಗ ಮೈಯನ್ನೊಮ್ಮೆ ಕೊಡವಿ ಮರಿಗಳನ್ನು ಇನ್ನೊಬ್ಬರತ್ತ ಸಾಗಿಸುವುದನ್ನು ನೋಡಿದರೆ ಎಂಥವರಿಗೂ ನಗು ಬರುತ್ತದೆ. ಅಮೆರಿಕದ ಹಿಲ್ಡೆಮನ್ ಎಂಬ ವಿಜ್ಞಾನಿ ೧೯೫೯ರಲ್ಲಿ ಈ ಅಪರೂಪದ ಪೋಷಣೆಯ ಬಗ್ಗೆ ಪ್ರಬಂಧವೊಂದನ್ನು ಪ್ರಕಟಿಸಿದರು. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು ೨೦೧೦ರಲ್ಲಿ ಇನ್ನೂ ಮುಂದೆ ಹೋದರು. ಮೊಟ್ಟೆಯಿಟ್ಟ ಮೇಲೆ ಆ ಲೋಳೆಯಲ್ಲಿ ಪ್ರೋಟೀನೂ, ರೋಗವನ್ನು ತಡೆಯುವ ಪ್ರತಿಕಾಯಗಳೂ ಏರುತ್ತವೆಂದೂ, ಮರಿಗಳಿಗೆ ಮೂರು ವಾರವಾಗುವ ಹೊತ್ತಿಗೆ ಹೆತ್ತವರು ಅವುಗಳಿಂದ ಆಗಾಗ್ಗೆ ದೂರ ಈಜಿ ಮೆಲ್ಲಮೆಲ್ಲನೆ ಹಾಲು ಬಿಡಿಸುತ್ತಾರೆಂದೂ ಅವರು ಕಂಡುಕೊಂಡರು. ಗಿಣ್ಣಿನ ಹಾಲಿನ ಮಹಿಮೆಯನ್ನು ಬಲ್ಲ ನಮ್ಮ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ.

ಎಲ್ಲಿಯ ಅಮೆಜಾನ್, ಎಲ್ಲಿಯ ಕನ್ನಡಿಗರು ಎಂದು ಯಾರಾದರೂ ಕೇಳಿಯಾರು. ಡಿಸ್ಕಸಿನದೇ ಕುಟುಂಬಕ್ಕೆ ಸೇರಿದ ಮೀನೊಂದು ನಮ್ಮ ದಕ್ಷಿಣ ಕನ್ನಡದ ಕುಮಾರಧಾರೆ, ನೇತ್ರಾವತಿಗಳ ಸೀಮೆಯಲ್ಲಿದೆ. ಫ್ರಾನ್ಸಿಸ್ ಡೇ ಎಂಬ ಪಂಡಿತರು ೧೮೭೭ರಲ್ಲಿ ಅದಕ್ಕೆ ಎಟ್ರೋಪ್ಲಸ್ ಕೆನರೆನ್ಸಿಸ್ ಎಂದು, ಕನ್ನಡ ಜಿಲ್ಲೆಯ ಹೆಸರನ್ನೇ ಇಟ್ಟರು. ಅದು ಈಗ ಅಳಿವಿನ ಭಯದಲ್ಲಿರುವ ಮೀನು. ಕರಾವಳಿಯ ಅಳಿವೆಗಳಲ್ಲಿ ಸಿಕ್ಕುವ, ಅದರ ಹತ್ತಿರದ ಬಂಧುವಾದ ಕಿತ್ತಳೆ ಬಣ್ಣದ ಪುಟ್ಟ ಮೀನಿನ ಮರಿಗಳೂ ತಂದೆತಾಯಿಗಳ ಮೈಯ ಲೋಳೆಯನ್ನು ಮೇಯುತ್ತವೆ. ಮೀನು ಸಾಕುವ ಹವ್ಯಾಸವೂ ನಮ್ಮವರಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವಿದ್ದು, ಮೀನುಗಳ ಬಗೆಗಳನ್ನೂ ಅವುಗಳ ಆಹಾರವನ್ನೂ ಅದರಲ್ಲಿ ವಿವರಿಸಿದ್ದಾನೆ. ಶೃಂಗೇರಿಯ ತುಂಗೆಯಲ್ಲಿ ಮೀನಿಗೆ ಪುರಿ ಹಾಕಿದವರಂತೂ ಈ ಪತ್ರಿಕೆಯ ಓದುಗರಲ್ಲಿ ನೂರಾರು ಮಂದಿ ಇದ್ದಾರು.

ಇನ್ನು ದ್ವಾರಕೆಯ ಮಿತ್ರರ ಪ್ರಶ್ನೆಗೆ ಬರೋಣ.

ಡಿಸ್ಕಸಿನ ತವರಿನಲ್ಲಿ ನೀರು ಚಹದ ಕಷಾಯದಂತೆ ಕಪ್ಪಗಿದ್ದು, ಮಳೆಯ ನೀರಿನಷ್ಟು ಮೃದುವಾಗಿ, ತುಸು ಹುಳಿಯಾಗಿರುತ್ತದೆ. ಸುಣ್ಣದಂಶ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ದೆಹಲಿ, ನೋಯಿಡಾ, ಗುರುಗ್ರಾಮಗಳ ನೀರಾದರೋ ಗಡಸು. ಕೊಳವೆಬಾವಿಯ ನೀರಿನಲ್ಲಿ ಕರಗಿದ ಲವಣದ ಪ್ರಮಾಣ ಲೀಟರಿಗೆ ಸಾವಿರ ಮಿಲಿಗ್ರಾಂ ದಾಟುವುದೂ ಉಂಟು. ಕೊಳಾಯಿಯ ಮೇಲೆ ಕಟ್ಟುವ ಬಿಳಿಯ ಹಕ್ಕಳೆಯನ್ನು ದಿನವೂ ಉಜ್ಜುವ ಗೃಹಿಣಿಯರಿಗೆ ಇದು ಚೆನ್ನಾಗಿ ಗೊತ್ತು. ದೊಡ್ಡ ಮೀನುಗಳು ಈ ನೀರಿಗೆ ಮೆಲ್ಲನೆ ಒಗ್ಗಿಕೊಂಡು ಆರೋಗ್ಯವಾಗಿಯೇ ಬಾಳುತ್ತವೆ. ಮೊಟ್ಟೆ ಮಾತ್ರ ಒಗ್ಗಿಕೊಳ್ಳಲಾರದು. ಗಡಸು ನೀರಿನಲ್ಲಿ ಗಂಡಿನ ವೀರ್ಯ ಮೊಟ್ಟೆಯನ್ನು ಸರಿಯಾಗಿ ಸೇರದೆ, ಮೊಟ್ಟೆಗಳು ಫಲಿಸದೆ ಉಳಿದು ಬೆಳ್ಳಗಾಗುತ್ತವೆ. ಬೆಳ್ಳಗಾದ ಮೊಟ್ಟೆಗೆ ಬೂಷ್ಟು ಹಿಡಿದು ಪಕ್ಕದ ಒಳ್ಳೆಯ ಮೊಟ್ಟೆಯನ್ನೂ ಕೆಡಿಸುತ್ತದೆ. ಆದ್ದರಿಂದ ಮಿತ್ರರ ಕೈಗುಣದಲ್ಲಿ ದೋಷವಿಲ್ಲ. ಮೊದಲು ನೀರನ್ನು ನೋಡಿಕೊಳ್ಳಲಿ.

ಪರಿಹಾರ ಅಡಿಗೆಮನೆಯ ಗೋಡೆಯ ಮೇಲೆಯೇ ಇದೆ. ಕುಡಿಯುವ ನೀರಿನ ಆರ್.ಓ. ಯಂತ್ರದ ನೀರು ಮೂರು ಪಾಲು, ನಲ್ಲಿಯ ನೀರು ಒಂದು ಪಾಲು ಬೆರೆಸಬೇಕು. ನಲ್ಲಿಯ ನೀರಿನಲ್ಲಿ ಲವಣಾಂಶ ೩೦೦, ಯಂತ್ರದ ನೀರಿನಲ್ಲಿ ೨೦ ಇದ್ದರೆ, ಬೆರೆಸಿದ ನೀರು ೯೦ಕ್ಕೆ ಬರುತ್ತದೆ. ಮೊಟ್ಟೆಗೆ ಅದು ಹಿತ. ಬರಿಯ ಆರ್.ಓ. ನೀರನ್ನೇ ತುಂಬಿಬಿಡೋಣವೆಂದು ಅವಸರ ಪಡಬಾರದು. ಲವಣವೇ ಇಲ್ಲದ ನೀರಿನ ಹುಳಿ ಒಂದೆರಡು ದಿನದಲ್ಲಿ ತಟಕ್ಕನೆ ಏರಿ ಮೀನುಗಳಿಗೆ ಅಪಾಯ ತರುತ್ತದೆ. ಲವಣಾಂಶ ಅಳೆಯುವ ಪೆನ್ನಿನಂಥ ಮೀಟರು ಪೇಟೆಯಲ್ಲಿ ಅಗ್ಗವಾಗಿ ಸಿಕ್ಕುತ್ತದೆ. ಒಂದನ್ನು ತಂದಿಟ್ಟುಕೊಳ್ಳುವುದು ಮೇಲು.

ನಲ್ಲಿಯ ನೀರಿನ ಇನ್ನೊಂದು ಕಾಟ ಕ್ಲೋರಿನ್. ಚಳಿಗಾಲದಲ್ಲಿ ಯಮುನೆಯಲ್ಲಿ ಅಮೋನಿಯ ಏರಿ ವಜೀರಾಬಾದ್, ಚಂದ್ರಾವಲ್ ಶುದ್ಧೀಕರಣ ಕೇಂದ್ರಗಳ ಉತ್ಪಾದನೆ ಇಳಿದ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದುತ್ತಿರುತ್ತೇವಷ್ಟೆ. ಬರಿಯ ಕ್ಲೋರಿನ್ನಾದರೆ ನೀರನ್ನು ಒಂದು ದಿನ ಬಕೆಟ್ಟಿನಲ್ಲಿಟ್ಟು ಗಾಳಿಯಾಡಿಸಿದರೆ ಹಾರಿಹೋಗುತ್ತದೆ. ಅಮೋನಿಯದೊಡನೆ ಅದು ಕೂಡಿಕೊಂಡರೆ ಹಾಗೆ ಹಾರುವುದಿಲ್ಲ. ಹಿಂದೆ ಫೋಟೋ ತೊಳೆಯುವವರು ಬಳಸುತ್ತಿದ್ದ ಹೈಪೋ ಎಂಬ ಹರಳು ಕ್ಲೋರಿನ್ನನ್ನು ಕೊಲ್ಲುತ್ತದೆ, ಅಮೋನಿಯವನ್ನು ಹಿಂದೆ ಬಿಡುತ್ತದೆ. ನೀರು ಬಿಸಿಯಾದಷ್ಟೂ, ಕ್ಷಾರವಾದಷ್ಟೂ ಅಮೋನಿಯದ ವಿಷ ಹೆಚ್ಚು. ಅಂಥ ಸುದ್ದಿ ಬಂದ ವಾರ ನಲ್ಲಿಯ ನೀರಿನ ಪಾಲನ್ನು ಕಡಿಮೆ ಮಾಡಿ, ಚೆನ್ನಾಗಿ ಪಳಗಿದ ಸ್ಪಂಜಿನ ಫಿಲ್ಟರನ್ನು ನಂಬುವುದೇ ದಾರಿ. ಆ ಸ್ಪಂಜಿನಲ್ಲಿ ನೆಲಸಿದ ಸೂಕ್ಷ್ಮಜೀವಿಗಳು ಅಮೋನಿಯವನ್ನು ತಿಂದು ತೇಗುತ್ತವೆ. ಅದನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಆ ಉಪಕಾರಿಗಳೆಲ್ಲ ಸತ್ತುಹೋಗುತ್ತವೆ. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಹಿಂಡಬೇಕು.

ನೀರು ಸರಿಹೋದ ಮೇಲೆ ಜೋಡಿಯ ವಿಚಾರ. ಡಿಸ್ಕಸಿನಲ್ಲಿ ಗಂಡು ಹೆಣ್ಣು ನೋಡಿದೊಡನೆ ತಿಳಿಯುವುದಿಲ್ಲ. ಜಾತಕ ನೋಡಿ ಕೂಡಿಸುವ ವಿದ್ಯೆಯೂ ಇಲ್ಲಿ ನಡೆಯದು. ಆರೆಂಟು ಎಳೆಯ ಮೀನುಗಳನ್ನು ಒಟ್ಟಿಗೆ ಸಾಕಿದರೆ, ಒಂದು ವರ್ಷ ಕಳೆಯುವ ಹೊತ್ತಿಗೆ ಎರಡು ಮೀನುಗಳು ಒಂದು ಮೂಲೆಯನ್ನು ಹಿಡಿದು ಉಳಿದವನ್ನು ಅಟ್ಟತೊಡಗುತ್ತವೆ. ಒಂದಕ್ಕೊಂದು ತಲೆಬಾಗಿಸುತ್ತವೆ, ಮೈನಡುಗಿಸುತ್ತವೆ, ಯಾವುದಾದರೊಂದು ನೆಟ್ಟನೆಯ ಮೈಯನ್ನು ಬಾಯಿಂದ ಉಜ್ಜಿ ಉಜ್ಜಿ ಶುದ್ಧಿ ಮಾಡುತ್ತವೆ. ಅದೇ ನಿಶ್ಚಿತಾರ್ಥ. ಎರಡು ಹೆಣ್ಣುಗಳೇ ಜೊತೆಗೂಡಿ ಮೊಟ್ಟೆಯಿಡುವುದೂ ಉಂಟು. ಮೃದುವಾದ ನೀರಿನಲ್ಲಿಯೂ ಮೊಟ್ಟೆಗಳೆಲ್ಲ ಮತ್ತೆ ಮತ್ತೆ ಬೆಳ್ಳಗಾದರೆ ಈ ಸಂಶಯವನ್ನು ಪಡಬೇಕು.

ಜೋಡಿಯನ್ನು ಪ್ರತ್ಯೇಕ ತೊಟ್ಟಿಗೆ ಒಯ್ಯಬೇಕು. ಉದ್ದ, ಅಗಲ, ಎತ್ತರ ಒಂದೊಂದೂ ಒಂದೂವರೆ ಅಡಿ ಇದ್ದರೆ ಸಾಕು. ಸುಮಾರು ೯೦ ಲೀಟರ್ ಹಿಡಿಯುತ್ತದೆ. ತಳದಲ್ಲಿ ಮರಳು, ಕಲ್ಲು ಏನೂ ಬೇಡ, ಬರಿಯ ಗಾಜು. ಒಂದು ಸ್ಪಂಜಿನ ಫಿಲ್ಟರು, ಒಂದು ಹೀಟರು, ಮೊಟ್ಟೆಯಿಡಲು ಒಂದು ಮಣ್ಣಿನ ಶಂಕು, ಇಷ್ಟೇ ಸರಂಜಾಮು. ಶಂಕು ಸಿಕ್ಕದಿದ್ದರೆ ಬಣ್ಣ ಬಳಿಯದ ಎತ್ತರದ ಹೂಕುಂಡವನ್ನು ಕುದಿಸಿ ಬೋರಲಾಗಿಡಬಹುದು. ಉತ್ತಮ ನಗರದ ಕುಂಬಾರರ ಕಾಲನಿಯಲ್ಲಿ ಬೇಕಾದ ಆಕಾರದ್ದು ದೊರೆಯುತ್ತದೆ. ನೀರಿನ ಬಿಸಿ ೨೮ರಿಂದ ೩೦ ಡಿಗ್ರಿ ಇರಬೇಕು. ತೊಟ್ಟಿಯನ್ನು ಜನ ಓಡಾಡುವ ಹಜಾರದಲ್ಲಿಡದೆ, ಬಾಣಂತಿ ಕೋಣೆಯಂತೆ ಗದ್ದಲವಿಲ್ಲದ ಕಡೆ ಇಡುವುದು ಒಳ್ಳೆಯದು.

ಸಾಮಾನ್ಯವಾಗಿ ಸಂಜೆಯ ಹೊತ್ತು ಹೆಣ್ಣು ಶಂಕುವಿನ ಮೇಲೆ ಕೆಳಗಿನಿಂದ ಮೇಲಕ್ಕೆ ಸಾಲುಸಾಲಾಗಿ ಮೊಟ್ಟೆಗಳನ್ನು ಅಂಟಿಸುತ್ತಾ ಹೋಗುತ್ತದೆ. ಗಂಡು ಹಿಂದೆಯೇ ಹೋಗಿ ಅವನ್ನು ಫಲಗೊಳಿಸುತ್ತದೆ. ನೂರರಿಂದ ಮುನ್ನೂರರ ವರೆಗೆ ಮೊಟ್ಟೆಗಳಿರಬಹುದು. ಆ ರಾತ್ರಿ ದೀಪವನ್ನು ಪೂರ್ತಿ ಆರಿಸದೆ, ಪಕ್ಕದಲ್ಲೊಂದು ಮಿಣುಕು ದೀಪ ಉರಿಯುತ್ತಿರಲಿ. ಕತ್ತಲೆಯಲ್ಲಿ ಹೆತ್ತವರಿಗೆ ದಿಕ್ಕು ತಪ್ಪುತ್ತದೆ. ಹೊಸ ಜೋಡಿಗಳು ಮೊದಲ ಕೆಲವು ಸಲ ತಾವಿಟ್ಟ ಮೊಟ್ಟೆಗಳನ್ನು ತಾವೇ ತಿಂದುಬಿಡುವುದುಂಟು. ಅದನ್ನು ಕಂಡು ಮನೆಯವರು ಹೌಹಾರಬಾರದು, ಮಕ್ಕಳ ಮುಂದೆ ಮೀನನ್ನು ಬೈಯಲೂಬಾರದು. ವಾರ ಹತ್ತು ದಿನದಲ್ಲಿ ಮತ್ತೆ ಮೊಟ್ಟೆಯಿಡುತ್ತವೆ. ನಾಲ್ಕಾರು ಸಲಕ್ಕೆ ಬುದ್ಧಿ ಕಲಿಯುತ್ತವೆ. ಕಲಿಯದಿದ್ದರೆ ಶಂಕುವಿನ ಸುತ್ತ ಪ್ಲಾಸ್ಟಿಕ್ಕಿನ ಜಾಲರಿಯ ಬೇಲಿ ಹಾಕಿದರಾಯಿತು. ಹೆತ್ತವರು ಹೊರಗಿನಿಂದ ರೆಕ್ಕೆಯಿಂದ ಗಾಳಿ ಬೀಸಬಹುದು, ತಿನ್ನಲಾಗದು. ಬೂಷ್ಟು ಹಿಡಿಯದಂತೆ ಮಿಥಿಲೀನ್ ನೀಲಿಯ ಕೆಲವು ಹನಿ ಬಿಟ್ಟರೆ ಸಾಕು.

ಎರಡೂವರೆ ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಆಗ ಕಾಣುವುದು ಮೀನಲ್ಲ; ಶಂಕುವಿಗೆ ತಲೆ ಅಂಟಿಸಿಕೊಂಡು ಬಾಲವನ್ನು ಮಿಡುಕಿಸುವ ಕೂದಲೆಳೆಗಳು. ಹೊಟ್ಟೆಯ ಬುತ್ತಿ ಮುಗಿಯುವ ತನಕ ಅವಕ್ಕೆ ಬೇರೆ ಆಹಾರ ಬೇಡ. ಉದುರಿ ಬಿದ್ದವನ್ನು ತಂದೆತಾಯಿ ಬಾಯಲ್ಲಿ ಎತ್ತಿ ಮತ್ತೆ ಅಂಟಿಸುತ್ತವೆ. ಇನ್ನೆರಡು ಮೂರು ದಿನಕ್ಕೆ, ಎಂದರೆ ಮೊಟ್ಟೆಯಿಟ್ಟ ಐದಾರನೆಯ ದಿನಕ್ಕೆ, ಮರಿಗಳು ಶಂಕುವನ್ನು ಬಿಟ್ಟು ಈಜತೊಡಗುತ್ತವೆ.

ಇದೇ ನಿಜವಾದ ಗಂಡಾಂತರದ ದಿನ. ಈಜುವ ಮರಿ ಒಂದು ದಿನದೊಳಗೆ ಹೆತ್ತವರ ಮೈಯನ್ನು ಮುಟ್ಟದಿದ್ದರೆ ಹಸಿವಿನಿಂದ ಸಾಯುತ್ತದೆ. ಮರಿಗಳಿಗೆ ತಂದೆತಾಯಿಯ ಮುಖದ ಗುರುತಿಲ್ಲ. ತೊಟ್ಟಿಯಲ್ಲಿ ಯಾವುದು ಹೆಚ್ಚು ಕಪ್ಪಗಿದೆಯೋ ಅದರತ್ತ ಹೋಗುತ್ತವೆ. ಪ್ರಕೃತಿಯೂ ಅದನ್ನರಿತು ಬಾಣಂತನದ ಕಾಲದಲ್ಲಿ ಹೆತ್ತವರ ಮೈಯನ್ನು ಕಪ್ಪಾಗಿಸುತ್ತದೆ. ಪೇಟೆಯ ಕೆಲವು ತಿಳಿಬಣ್ಣದ ಬಗೆಗಳು ಹೀಗೆ ಕಪ್ಪಾಗಲಾರವು. ಆಗ ಮರಿಗಳು ಕರಿಯ ಸ್ಪಂಜನ್ನೋ ಹೀಟರನ್ನೋ ತಾಯಿಯೆಂದು ತಿಳಿದು ಅಪ್ಪಿಕೊಂಡು ಹಸಿದು ಸಾಯುತ್ತವೆ. ನೋಡುವವರ ಕರುಳು ಚುರ್ರೆನ್ನುವ ದೃಶ್ಯವದು. ತಡೆಯುವ ಉಪಾಯ ಸುಲಭ. ಮರಿಗಳು ಈಜುವ ಮುನ್ನವೇ ಕಪ್ಪು ಬಣ್ಣದ ಸಾಮಾನುಗಳನ್ನೆಲ್ಲ ತೆಗೆದು, ಹಿಂಗಡೆಯ ಗಾಜಿಗೆ ತಿಳಿಬಣ್ಣದ ಕಾಗದ ಅಂಟಿಸಿ, ನೀರನ್ನು ಎಂಟು ಹತ್ತು ಅಂಗುಲಕ್ಕೆ ಇಳಿಸಿ, ಗಾಳಿಯ ಗುಳ್ಳೆಗಳನ್ನು ತೀರ ಮೆಲ್ಲಗೆ ಮಾಡಬೇಕು. ಹುಡುಕುವ ಜಾಗ ಕಿರಿದಾದಷ್ಟೂ ಮಕ್ಕಳಿಗೆ ತಾಯಿ ಬೇಗ ಸಿಕ್ಕುತ್ತಾಳೆ. ಮರಿಗಳೆಲ್ಲ ಮೈಗೆ ಮುತ್ತಿಕೊಂಡುವೆಂದರೆ ಅರ್ಧ ಗೆದ್ದಂತೆ.

ತಂದೆತಾಯಿಯನ್ನು ಬಿಡಿಸಿ, ಬಟ್ಟಲಿನ ಅಂಚಿಗೆ ಮೊಟ್ಟೆಯ ಹಳದಿಯ ಹಿಟ್ಟನ್ನು ಮೆತ್ತಿ ಮರಿಗಳನ್ನು ಕೈಯಲ್ಲೇ ಸಾಕುವ ವಿಧಾನವನ್ನು ಅಮೆರಿಕದ ಜ್ಯಾಕ್ ವಾಟ್ಲೆ ಎಂಬವರು ಪ್ರಸಿದ್ಧಿಗೆ ತಂದರು. ಹಗಲೆಲ್ಲ ನೀರು ಬದಲಿಸುತ್ತ ಕೂರಬೇಕಾದ ಕೆಲಸವದು. ಕಚೇರಿಗೆ ಮೆಟ್ರೋ ಹಿಡಿಯಬೇಕಾದ ಸಂಸಾರಸ್ಥರಿಗೆ ಹೇಳಿದ್ದಲ್ಲ. ಹೆತ್ತವರು ಇರುವಾಗ ದಾದಿಯ ಚಿಂತೆ ಏಕೆ?

ಈಜತೊಡಗಿದ ನಾಲ್ಕೈದು ದಿನಕ್ಕೆ ಮೇಲಾಹಾರ ಆರಂಭಿಸಬೇಕು. ಅದಕ್ಕೆ ಆರ್ಟೀಮಿಯ ಎಂಬ ಉಪ್ಪುನೀರಿನ ಪುಟ್ಟ ಸಿಗಡಿಯ ಮರಿಗಳೇ ಶ್ರೇಷ್ಠ. ಇದರ ಒಣಮೊಟ್ಟೆ ಡಬ್ಬಿಯಲ್ಲಿ ಸಿಕ್ಕುತ್ತದೆ. ಅದರಲ್ಲಿ ಒಂದು ದೊಡ್ಡ ಪಾಲು ಅಮೆರಿಕದ ಯೂಟಾ ಪ್ರಾಂತದ ದೊಡ್ಡ ಉಪ್ಪಿನ ಸರೋವರದಿಂದ ಬರುವಂಥದು. ಒಂದು ಲೀಟರ್ ನೀರಿಗೆ ೨೫ರಿಂದ ೩೦ ಗ್ರಾಂ ಅಯೋಡಿನ್ ಇಲ್ಲದ ಉಪ್ಪು ಹಾಕಿ, ಬೋರಲಾಗಿಸಿದ ಬಾಟಲಿಯಲ್ಲಿ ಗಾಳಿಯಾಡಿಸುತ್ತಾ ೨೮ ಡಿಗ್ರಿಯಲ್ಲಿಟ್ಟರೆ ಒಂದು ದಿನ ಒಂದೂವರೆ ದಿನದಲ್ಲಿ ಒಡೆಯುತ್ತದೆ. ಗಾಳಿ ನಿಲ್ಲಿಸಿ ಕೆಳಗೆ ದೀಪ ಹಿಡಿದರೆ ಕಿತ್ತಳೆ ಬಣ್ಣದ ಮರಿಗಳು ಬೆಳಕಿಗೆ ಬಂದು ಕೂಡುತ್ತವೆ, ಚಿಪ್ಪುಗಳು ಮೇಲೆ ತೇಲುತ್ತವೆ. ಚಿಪ್ಪು ಮೀನುಮರಿಯ ಕರುಳಿಗೆ ಸಿಕ್ಕಿಕೊಂಡೀತಾದ್ದರಿಂದ ಅದನ್ನು ಬೇರ್ಪಡಿಸಿ, ಉಳಿದುದನ್ನು ತೆಳುಬಟ್ಟೆಯಲ್ಲಿ ಸೋಸಿ ಸಿಹಿನೀರಿನಲ್ಲಿ ತೊಳೆದು ಹಾಕಬೇಕು. ಹೊಟ್ಟೆ ತುಂಬಿದ ಮರಿಯ ಒಡಲು ಕಿತ್ತಳೆಯಾಗಿ ಹೊಳೆಯುತ್ತದೆ. ಮಕ್ಕಳಿಗೆ ಇದಕ್ಕಿಂತ ಚೆಂದದ ಜೀವಶಾಸ್ತ್ರದ ಪಾಠ ಸಿಕ್ಕಲಾರದು. ದಿನಕ್ಕೆ ಐದಾರು ಸಲ, ಸ್ವಲ್ಪಸ್ವಲ್ಪವೇ ಹಾಕತಕ್ಕದ್ದು.

ಇಲ್ಲಿ ಸಸ್ಯಾಹಾರಿಗಳ ಮನೆಯ ಒಂದು ಧರ್ಮಸಂಕಟವನ್ನು ಮುಚ್ಚಿಡಬಾರದು. ಡಿಸ್ಕಸ್ ಸಸ್ಯಾಹಾರಿಯಲ್ಲ. ದೊಡ್ಡ ಮೀನುಗಳಿಗೆ ಹೆಪ್ಪುಗಟ್ಟಿಸಿದ ಕೆಂಪು ಹುಳುವನ್ನೋ ಸಿಗಡಿಯನ್ನೋ ಕೊಡಲೇಬೇಕಾಗುತ್ತದೆ. ಫ್ರಿಜ್ಜಿನಲ್ಲಿ ಅದನ್ನು ದೋಸೆಹಿಟ್ಟಿನ ಪಕ್ಕದಲ್ಲಿಡುವ ಮುನ್ನ ಮನೆಯ ಅತ್ತೆಯವರ ಅನುಮತಿ ಪಡೆಯುವುದು ಕ್ಷೇಮ. ಮುಚ್ಚಳವಿರುವ ಬೇರೆ ಡಬ್ಬಿ, ಅದಕ್ಕೊಂದು ಚೀಟಿ ಇದ್ದರೆ ಅರ್ಧ ಜಗಳ ತಪ್ಪುತ್ತದೆ. ಒಪ್ಪದ ಮನೆಯವರು ಕಾಳಿನ ರೂಪದ ಸಿದ್ಧ ಆಹಾರಕ್ಕೆ ಮೀನುಗಳನ್ನು ಚಿಕ್ಕಂದಿನಿಂದಲೇ ರೂಢಿ ಮಾಡಬಹುದು. ಜೀವಂತ ಟ್ಯೂಬಿಫೆಕ್ಸ್ ಹುಳುಗಳು ಮಾತ್ರ ಯಾರಿಗೂ ಬೇಡ. ಅವು ಕೊಳಚೆಯಲ್ಲಿ ಬೆಳೆಯುವಂಥವು, ರೋಗವನ್ನು ಜೊತೆಗೇ ತರುತ್ತವೆ.

ಎರಡು ಮೂರು ವಾರಕ್ಕೆ ಮರಿಗಳು ಆರ್ಟೀಮಿಯವನ್ನು ಚೆನ್ನಾಗಿ ತಿನ್ನತೊಡಗಿದ ಮೇಲೆ ಹೆತ್ತವರನ್ನು ಬೇರೆ ತೊಟ್ಟಿಗೆ ಒಯ್ಯಬೇಕು. ಮರಿಗಳ ಒರಸಾಟದಿಂದ ಅವುಗಳ ಮೈ ಆ ಹೊತ್ತಿಗೆ ಹುಣ್ಣಾಗಿರುವುದುಂಟು. ಅವಕ್ಕೂ ವಿಶ್ರಾಂತಿ ಬೇಕು. ಉದ್ದುದ್ದವಾಗಿದ್ದ ಮರಿ ಒಂದು ತಿಂಗಳ ಆಚೀಚೆಗೆ ದುಂಡಗಾಗಿ, ಕುಂಕುಮದ ಬೊಟ್ಟಿನಂಥ ಪುಟ್ಟ ಡಿಸ್ಕಸ್ಸಾಗುತ್ತದೆ.

ದೆಹಲಿಯಲ್ಲಿ ಬಾಳುವವರು ನೆನಪಿಡಬೇಕಾದ ಇನ್ನು ಕೆಲವು ಮಾತುಗಳಿವೆ. ಜನವರಿಯ ರಾತ್ರಿ ವಿದ್ಯುತ್ತು ಹೋದರೆ ಸಣ್ಣ ತೊಟ್ಟಿ ಬೇಗ ತಣ್ಣಗಾಗುತ್ತದೆ. ನೂರು ಲೀಟರ್ ನೀರನ್ನು ಒಂದು ಡಿಗ್ರಿ ಮೇಲೇರಿಸಲು ೨೦೦ ವಾಟಿನ ಹೀಟರಿಗೆ ೩೫ ನಿಮಿಷ ಹಿಡಿಯುತ್ತದೆ. ಆದ್ದರಿಂದ ಕಳೆದುಕೊಂಡ ಬಿಸಿಯನ್ನು ಮರಳಿ ಪಡೆಯುವುದಕ್ಕಿಂತ ಕಳೆಯದಂತೆ ಕಾಯುವುದು ಲೇಸು. ಮೂರು ಮಗ್ಗುಲಿಗೆ ಥರ್ಮಾಕೋಲ್ ಹಚ್ಚಿ, ವಿದ್ಯುತ್ತು ಹೋದೊಡನೆ ಹಳೆಯ ರಜಾಯಿ ಹೊದಿಸಿ, ಬ್ಯಾಟರಿಯ ಗಾಳಿಪಂಪನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಜೂನಿನಲ್ಲಿ ತೊಂದರೆ ತಿರುಗುಮುರುಗು. ಮಹಡಿಯ ಮೇಲಿನ ಕರಿಯ ಟ್ಯಾಂಕಿನ ನೀರು ಕೈ ಸುಡುವಂತಿರುತ್ತದೆ. ಹಿಂದಿನ ರಾತ್ರಿಯೇ ಹಿಡಿದು ಆರಿಸದೆ ತೊಟ್ಟಿಗೆ ಸುರಿಯಕೂಡದು. ಡೆಂಗೆಯ ದಿನಗಳಲ್ಲಿ ಸೊಳ್ಳೆಗೆ ಸಿಂಪಡಿಸುವ ಔಷಧ ಮೀನಿಗೆ ಘೋರ ವಿಷ. ಗಾಳಿಪಂಪು ಕೋಣೆಯ ಗಾಳಿಯನ್ನೇ ಹೀರಿ ನೀರಿಗೆ ಊದುತ್ತದೆಂಬುದನ್ನು ಎಷ್ಟೋ ಮಂದಿ ಯೋಚಿಸುವುದಿಲ್ಲ. ದೀಪಾವಳಿಯ ಹೊಗೆಯ ವಿಚಾರದಲ್ಲೂ ಇದೇ ಎಚ್ಚರಿಕೆ ಇರಲಿ.

ಕಾಲವನ್ನೂ ಲೆಕ್ಕ ಹಾಕಬೇಕು. ದೊಡ್ಡ ಮೀನುಗಳು ಐದಾರು ದಿನ ಉಪವಾಸವಿದ್ದಾವು. ಮರಿಗಳು ಒಂದು ದಿನವೂ ಇರಲಾರವು. ಮೇ ತಿಂಗಳಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೊರಡುವ ಸಂಸಾರ ಏಪ್ರಿಲಿನಲ್ಲಿ ಮರಿ ಮಾಡಿಸಿದರೆ, ನೆರೆಯವರ ಮೇಲೆ ಹೊರಲಾರದ ಹೊರೆ ಹೊರಿಸಿದಂತೆ. ಫೆಬ್ರವರಿಯ ಮೊದಲಲ್ಲಿ ಮೊಟ್ಟೆಯಿಡಿಸಿದರೆ ಏಪ್ರಿಲಿನ ಹೊತ್ತಿಗೆ ಮರಿಗಳು ಎರಡು ತಿಂಗಳಿನವಾಗಿ ಬೇರೆ ಮನೆ ಸೇರಲು ಯೋಗ್ಯವಾಗುತ್ತವೆ. ಮಕ್ಕಳ ಪರೀಕ್ಷೆಯೂ ಆಗಲೇ ಬರುತ್ತದೆಂದು ಆಕ್ಷೇಪಿಸುವ ತಾಯಂದಿರು ದೀಪಾವಳಿ ಮುಗಿದ ಮರುವಾರವನ್ನು ಆರಿಸಿಕೊಳ್ಳಲಿ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಎರಡು. ಮರಿಗಳು ಎಲ್ಲಿಗೆ ಹೋಗಬೇಕು? ನೀರು ಎಲ್ಲಿಂದ ಬರಬೇಕು?

ಇನ್ನೂರು ಮರಿಗಳು ಬೆಳೆದರೆ ದೆಹಲಿಯ ಎರಡು ಕೋಣೆಯ ಮನೆಯಲ್ಲಿ ಜಾಗವೆಲ್ಲಿ? ಎರಡು ಅಂಗುಲದ ಮರಿಗಳು ಇನ್ನೂರು ಲೀಟರಿನ ತೊಟ್ಟಿಯಲ್ಲಿ ಇಪ್ಪತ್ತೈದು ಮೂವತ್ತಕ್ಕಿಂತ ಹೆಚ್ಚಿರಬಾರದು. ಅಂಥ ಒಂದು ತೊಟ್ಟಿಯ ನೀರೇ ಇನ್ನೂರು ಕಿಲೋ ಭಾರ. ಅಂಗಡಿಯವರು ಕೊಳ್ಳುವರೆಂದು ನಂಬಿ ಕೂರುವುದಕ್ಕಿಂತ, ಮೊಟ್ಟೆಯಿಟ್ಟ ರಾತ್ರಿಯೇ ಮನೆಯವರು ಕುಳಿತು ಎಷ್ಟನ್ನು ಸಾಕಬಲ್ಲೆವೆಂದು ನಿಶ್ಚಯಿಸಿ, ಉಳಿದ ಮೊಟ್ಟೆಗಳನ್ನು ಶಂಕುವಿನಿಂದ ಒರಸಿಬಿಡುವುದು ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ದಯೆಯ ಕೆಲಸ. ಕಠಿನವಾದ ಮಾತು ಹೌದು. ಆದರೆ ಕಣ್ಣು ಮೂಡಿ ಈಜುವ ಮರಿ ಇಕ್ಕಟ್ಟಿನಲ್ಲಿ ಕೃಶವಾಗಿ ಸಾಯುವುದನ್ನು ನೋಡುವುದು ಅದಕ್ಕಿಂತ ಕಠಿನ. ಹುಟ್ಟುಹಬ್ಬಕ್ಕೆ ಬಂದ ಮಕ್ಕಳಿಗೆ ಪ್ಲಾಸ್ಟಿಕ್ ಚೀಲದಲ್ಲಿ ಒಂದೊಂದು ಮರಿ ಹಂಚುವುದೂ ಬೇಡ; ಹೀಟರಿಲ್ಲದ ಮನೆಯಲ್ಲಿ ಅದು ಒಂದು ಚಳಿಯ ರಾತ್ರಿಯನ್ನು ದಾಟುವುದಿಲ್ಲ. ಯಮುನೆಗೋ ಯಾವುದಾದರೂ ಕೆರೆಗೋ ಬಿಟ್ಟು ಪುಣ್ಯ ಕಟ್ಟಿಕೊಳ್ಳೋಣವೆಂಬ ಯೋಚನೆಯಂತೂ ಕೂಡದು. ತೊಟ್ಟಿಯ ಗಾಜು ನೆಕ್ಕಲೆಂದು ತರುವ ಅಮೆರಿಕದ ಹೀರುಬಾಯಿಯ ಮೀನು ೨೦೨೦ರಲ್ಲಿ ವಾರಾಣಸಿಯ ಬಳಿ ಗಂಗೆಯಲ್ಲಿ ಸಿಕ್ಕಿತು. ಅದು ತಾನಾಗಿ ಕಡಲು ದಾಟಿ ಬಂದದ್ದಲ್ಲವಷ್ಟೆ.

ಇನ್ನು ನೀರು. ಮರಿಗಳಿಗೆ ದಿನವೂ ನೀರು ಬದಲಿಸಬೇಕು. ದಿನಕ್ಕೆ ಎರಡು ಬಕೆಟ್, ಎಂದರೆ ೪೦ ಲೀಟರ್ ಹಿಡಿದರೂ ಆರು ವಾರಕ್ಕೆ ೧,೬೮೦ ಲೀಟರ್ ಆಯಿತು. ಬೇಸಿಗೆಯಲ್ಲಿ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡುವ ಜನರಿರುವ ಊರಿನಲ್ಲಿ ಈ ಲೆಕ್ಕವನ್ನು ಹಾಕದೆ ಮೀನು ಸಾಕುವುದು ಸಭ್ಯತೆಯಲ್ಲ. ಮನೆಯ ಆರ್.ಓ. ಯಂತ್ರ ಒಂದು ಲೀಟರ್ ಕೊಡುವಾಗ ಎರಡು ಮೂರು ಲೀಟರನ್ನು ಹೊರಗೆ ಚೆಲ್ಲುತ್ತದೆಂಬುದೂ ನೆನಪಿರಲಿ. ಸಮಾಧಾನದ ಸಂಗತಿಯೇನೆಂದರೆ ಮೃದುವಾದ ನೀರು ಬೇಕಾದದ್ದು ಮೊಟ್ಟೆಗೆ, ಮಕ್ಕಳಿಗಲ್ಲ. ಮರಿಗಳು ಹೆತ್ತವರ ಮೈಗೆ ಹತ್ತಿದ ಮೇಲೆ ದಿನದಿನಕ್ಕೆ ನಲ್ಲಿಯ ನೀರನ್ನು ಹೆಚ್ಚಿಸುತ್ತಾ ಬಂದರೆ ಎರಡು ವಾರದಲ್ಲಿ ಅವು ದೆಹಲಿಯ ನೀರಿನ ಮಕ್ಕಳೇ ಆಗಿಬಿಡುತ್ತವೆ. ಯಂತ್ರ ಚೆಲ್ಲುವ ನೀರನ್ನು ಪೀಪಾಯಿಯಲ್ಲಿ ಹಿಡಿದು ನೆಲ ಒರಸಲು, ಪಾಯಿಖಾನೆಗೆ ಸುರಿಯಲು ಬಳಸಬಹುದು. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿ ಗಿಡಕ್ಕೆ ಬೇಕಾದ ಸಾರಜನಕವಿರುತ್ತದೆ. ಔಷಧ ಹಾಕಿದ ದಿನಗಳನ್ನು ಬಿಟ್ಟು, ಉಳಿದ ದಿನ ಅದನ್ನು ಕಳೆದ ಸಂಚಿಕೆಯ ಕರಿಬೇವಿನ ಕುಂಡಕ್ಕೇ ಹಾಕಿ ನೋಡಿ. ಇಷ್ಟು ಅಣಿಯಾಗದ ಮನೆಯವರು ಡಿಸ್ಕಸನ್ನು ನೋಡಿ ಸಂತೋಷಪಡಲಿ, ಮರಿ ಮಾಡಿಸುವ ಉಸಾಬರಿ ಬೇಡ.

ದ್ವಾರಕೆಯ ಮಿತ್ರರಿಗೆ ನಮ್ಮ ಸಲಹೆ ಇಷ್ಟು: ಮೀಟರಿನಿಂದ ನೀರನ್ನು ಅಳೆಯಿರಿ, ಮೂರಕ್ಕೊಂದರಂತೆ ಬೆರೆಸಿ, ಜೋಡಿಯನ್ನು ಗದ್ದಲವಿಲ್ಲದ ಕಡೆಗೆ ಒಯ್ಯಿರಿ, ರಾತ್ರಿಯ ಮಿಣುಕು ದೀಪವನ್ನು ಮರೆಯಬೇಡಿ. ನಾಲ್ಕನೆಯ ಸಲವೂ ಮೊಟ್ಟೆಗಳೆಲ್ಲ ಬೆಳ್ಳಗಾದರೆ ಜೋಡಿ ಎರಡೂ ಹೆಣ್ಣೇ ಇರಬಹುದೇ ಎಂದು ನೋಡಿ. ನೋಟ್‌ಬುಕ್ಕಿನಲ್ಲಿ ಮೊಟ್ಟೆಯ ಎಣಿಕೆಯ ಪಕ್ಕದಲ್ಲಿ ನೀರಿನ ಬಿಸಿಯನ್ನೂ ಲವಣಾಂಶವನ್ನೂ ದಿನವೂ ಬರೆದರೆ, ಕಾರಣ ತಾನಾಗಿಯೇ ಆ ಪುಟದಲ್ಲಿ ಕಾಣಿಸಿಕೊಳ್ಳುತ್ತದೆ. ಫಲಿತಾಂಶವನ್ನು ನಮಗೂ ಬರೆದು ತಿಳಿಸಿದರೆ ಇತರ ಓದುಗರಿಗೂ ಉಪಕಾರವಾದೀತು.

ಮುಂದಿನ ಸಂಚಿಕೆಯಲ್ಲಿ, ಬಹುದಿನಗಳಿಂದ ಸೋದರಿಯರು ಕೇಳುತ್ತಿರುವಂತೆ, ದೆಹಲಿಯ ಚಳಿಯಲ್ಲಿ ದೋಸೆಹಿಟ್ಟು ಉಬ್ಬಿಸುವ ಉಪಾಯಗಳನ್ನು ಬರೆಯುತ್ತೇವೆ.